ಮಹಾವೃಕ್ಷಗಳ ಛಾಯಾಗ್ರಾಹಕ

ಅಮೆರಿಕದ ಪಶ್ಚಿಮ ತೀರದಲ್ಲಿ ಕ್ಯಾಲಿಫೋರ್ನಿಯ ಎಂಬ ರಾಜ್ಯವಿದೆ. ಅದರ ಪೂರ್ವಭಾಗದಲ್ಲಿ ಸಿಯೆರ್ರಾ ನೆವಾಡ ಎಂಬ ಪರ್ವತಶ್ರೇಣಿಯು ಹಬ್ಬಿದೆ. ಆ ಪರ್ವತಗಳ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 1,700 ಮೀಟರಿನಿಂದ 2,000 ಮೀಟರ್ ಎತ್ತರದಲ್ಲಿ, ಮಾರಿಪೋಸ ಎಂಬ ವೃಕ್ಷವನವಿದೆ. ಸುಮಾರು ಐನೂರು ಬಲಿತ ಸಿಕ್ವೋಯ ಮರಗಳು ಅಲ್ಲಿ ನಿಂತಿವೆ. ಗಾತ್ರದಲ್ಲಿ ಭೂಮಿಯ ಮೇಲಿನ ಬೇರಾವ ಜಾತಿಯ ಮರವೂ ಇವುಗಳಿಗೆ ಸಮನಲ್ಲ.

ಸಂಜೆಯ ಹೊತ್ತಿನಲ್ಲಿ ಆ ವನವನ್ನು ನೋಡಬೇಕು. ಸೂರ್ಯನು ಪಡುವಣ ಬೆಟ್ಟಗಳ ಕಡೆಗೆ ಇಳಿಯುತ್ತಿರುವಂತೆ ನೆಲದ ಮೇಲಿನ ಬೆಳಕು ಮೊದಲು ಆರುತ್ತದೆ. ಮರಗಳ ಬುಡಗಳು ನೆರಳಿನಲ್ಲಿ ಮುಳುಗುತ್ತವೆ. ಆದರೆ ಮೇಲೆ, ಬಹಳ ಮೇಲೆ, ಹೊಂಬಣ್ಣದ ಕಿರಣಗಳು ಕೊಂಬೆಗಳನ್ನು ಇನ್ನೂ ಬಿಟ್ಟಿರುವುದಿಲ್ಲ. ದಾಲ್ಚಿನ್ನಿಯ ಬಣ್ಣದ ಆ ತೊಗಟೆಯು ಕೆಂಡದಂತೆ ಹೊಳೆಯುತ್ತದೆ. ಗಾಳಿಯು ಅಡಗಿ ಎಲ್ಲೆಡೆ ನಿಶ್ಶಬ್ದವು ನೆಲೆಸುತ್ತದೆ. ಇಂದು ಅಲ್ಲಿಗೆ ಹೋಗುವ ಪ್ರವಾಸಿಯು ಒಂದು ಗುಂಡಿಯನ್ನೊತ್ತಿ ಈ ನೋಟವನ್ನು ಕ್ಷಣಾರ್ಧದಲ್ಲಿ ಚಿತ್ರವಾಗಿಸಿಕೊಳ್ಳುತ್ತಾನೆ. ಆದರೆ ಇದೇ ಮರಗಳ ಎದುರಿಗೆ 1861ರಲ್ಲಿ ಒಬ್ಬ ಛಾಯಾಗ್ರಾಹಕನು ನಿಂತಿದ್ದನು. ಅವನ ಕೆಲಸವು ಅಷ್ಟು ಸುಲಭವಾಗಿರಲಿಲ್ಲ. ಅವನ ಹೆಸರು ಕಾರ್ಲ್‌ಟನ್ ವಾಟ್ಕಿನ್ಸ್.

ವಾಟ್ಕಿನ್ಸನು 1829ರ ನವೆಂಬರ್ 11ರಂದು ನ್ಯೂಯಾರ್ಕ್ ರಾಜ್ಯದ ಒನಿಯೋಂಟ ಎಂಬ ಊರಿನಲ್ಲಿ ಜನಿಸಿದನು. ತಂದೆಯು ಬಡಗಿ. ಪ್ರಯಾಣಿಕರು ತಂಗುವ ಒಂದು ವಸತಿಗೃಹವನ್ನೂ ಆ ಕುಟುಂಬವು ನಡೆಸುತ್ತಿತ್ತು. ಅದೇ ಊರಿನಲ್ಲಿ ಕಾಲಿಸ್ ಹಂಟಿಂಗ್ಟನ್ ಎಂಬ ಚುರುಕು ಬುದ್ಧಿಯ ವ್ಯಾಪಾರಿಯಿದ್ದನು. ಮುಂದೆ ರೈಲುಮಾರ್ಗಗಳನ್ನು ಹಾಕಿಸಿ ಅಪಾರ ಧನವನ್ನು ಗಳಿಸಿದ ಈತನು ವಾಟ್ಕಿನ್ಸನ ಬಾಳಿನಲ್ಲಿ ಆಗಾಗ ಆಸರೆಯಾಗಿ ನಿಂತನು.

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಯು ಹಬ್ಬಿತು. ದೇಶದ ಮೂಲೆಮೂಲೆಗಳಿಂದ ಜನರು ಪಶ್ಚಿಮಕ್ಕೆ ಹೊರಟರು. 1851ರಲ್ಲಿ ತರುಣ ವಾಟ್ಕಿನ್ಸನೂ ಹಂಟಿಂಗ್ಟನ್ನನೊಡನೆ ಹೊರಟುಬಂದನು. ಆತನಿಗೆ ಚಿನ್ನವು ದೊರೆಯಲಿಲ್ಲ. ಗಣಿಗಳಿಗೆ ಸಾಮಾನು ಸಾಗಿಸುವ ಕೆಲಸವನ್ನು ಕೆಲಕಾಲ ಮಾಡಿ, ಬಳಿಕ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಬಂದು ಪುಸ್ತಕದ ಅಂಗಡಿಯೊಂದರಲ್ಲಿ ಗುಮಾಸ್ತನಾದನು. ಅಲ್ಲಿ ರಾಬರ್ಟ್ ವ್ಯಾನ್ಸ್ ಎಂಬ ಪ್ರಸಿದ್ಧ ಛಾಯಾಗ್ರಾಹಕನ ಪರಿಚಯವಾಯಿತು.

1854ರ ಸುಮಾರಿಗೆ ವ್ಯಾನ್ಸನ ಒಂದು ಚಿತ್ರಶಾಲೆಯಲ್ಲಿ ಕೆಲಸಗಾರನೊಬ್ಬನು ಇದ್ದಕ್ಕಿದ್ದಂತೆ ಬಿಟ್ಟುಹೋದನು. ಬೇರೊಬ್ಬನು ದೊರೆಯುವವರೆಗೆ ಅಂಗಡಿಯನ್ನು ನೋಡಿಕೊಳ್ಳಲು ವ್ಯಾನ್ಸನು ವಾಟ್ಕಿನ್ಸನನ್ನು ಕಳುಹಿಸಿದನು. ವಾಟ್ಕಿನ್ಸನಿಗೆ ಆಗ ಈ ವಿದ್ಯೆಯ ಗಂಧವೂ ಇರಲಿಲ್ಲ. ಆದರೆ ಬೇರೊಬ್ಬನು ದೊರೆಯುವುದು ತಡವಾಯಿತು. ಗಿರಾಕಿಗಳು ಕಾಯಲು ಸಿದ್ಧರಿರಲಿಲ್ಲ. ಕೈಕಟ್ಟಿ ಕುಳಿತುಕೊಳ್ಳುವ ಬದಲು ಆತನು ತಾನೇ ಕ್ಯಾಮರಾವನ್ನು ಹಿಡಿದು ಕೆಲಸವನ್ನು ಕಲಿತನು. ನಾಲ್ಕು ದಿನಗಳ ಮಟ್ಟಿಗೆ ಬಂದ ಕೆಲಸವು ಬಾಳಿನ ಕಸುಬಾಯಿತು.

ಊರಿನ ಛಾಯಾಗ್ರಾಹಕರೆಲ್ಲರೂ ಜನರ ಮುಖಚಿತ್ರಗಳನ್ನು ತೆಗೆದು ಹಣ ಗಳಿಸುತ್ತಿದ್ದ ಕಾಲವದು. ವಾಟ್ಕಿನ್ಸನ ಮನಸ್ಸು ನಾಲ್ಕು ಗೋಡೆಗಳ ಒಳಗೆ ನಿಲ್ಲಲಿಲ್ಲ. ಗಣಿಗಳನ್ನೂ, ಜಮೀನಿನ ವ್ಯಾಜ್ಯಗಳಿಗೆ ಸಂಬಂಧಿಸಿದ ಸ್ಥಳಗಳನ್ನೂ ಚಿತ್ರಿಸಿಕೊಡುವ ಕೆಲಸವನ್ನು ಆತನು ಒಪ್ಪಿಕೊಂಡನು. ಮಣ್ಣು, ಬಂಡೆ, ಮರ, ನೀರು ಇವುಗಳನ್ನು ಇದ್ದುದು ಇದ್ದ ಹಾಗೆ, ನ್ಯಾಯಾಲಯವು ಒಪ್ಪುವಷ್ಟು ಸ್ಪಷ್ಟವಾಗಿ ತೋರಿಸುವುದು ಹೇಗೆಂಬುದನ್ನು ಈ ಕೆಲಸವು ಆತನಿಗೆ ಕಲಿಸಿತು. ಈ ಶಿಕ್ಷಣವು ಮುಂದೆ ಎಷ್ಟು ದೊಡ್ಡ ಕಾರ್ಯಕ್ಕೆ ಒದಗಿತೆಂಬುದನ್ನು ತಿಳಿಯಬೇಕಾದರೆ, ಆ ಕಾಲದಲ್ಲಿ ಮಹಾವೃಕ್ಷಗಳಿಗೆ ಒದಗಿದ್ದ ಗತಿಯನ್ನು ಮೊದಲು ತಿಳಿದುಕೊಳ್ಳಬೇಕು.

ಸಿಕ್ವೋಯ ಮರಗಳನ್ನು ಅಲ್ಲಿನ ಮೂಲನಿವಾಸಿಗಳು ತಲತಲಾಂತರಗಳಿಂದ ಬಲ್ಲವರಾಗಿದ್ದರು. ಹೊರಗಿನ ಜನರಿಗೆ ಇವುಗಳ ವಿಷಯವು ವ್ಯಾಪಕವಾಗಿ ತಿಳಿದದ್ದು 1850ರ ದಶಕದಲ್ಲಿ. ತಿಳಿದೊಡನೆ ಅವರು ಮಾಡಿದ ಕೆಲಸವು ವ್ಯಸನವನ್ನುಂಟುಮಾಡುವಂತಹುದು. ಮಾರಿಪೋಸ ವನಕ್ಕೆ ಉತ್ತರದಲ್ಲಿರುವ ಕ್ಯಾಲವೆರಾಸ್ ಎಂಬ ವನದಲ್ಲಿ 1853ರಲ್ಲಿ ಒಂದು ಮಹಾವೃಕ್ಷವನ್ನು ಉರುಳಿಸಿದರು. ಅದನ್ನು ಕೊಯ್ಯುವಷ್ಟು ಉದ್ದವಾದ ಗರಗಸವೇ ಇರಲಿಲ್ಲ. ಬೈರಿಗೆಗಳಿಂದ ಸುತ್ತಲೂ ರಂಧ್ರಗಳನ್ನು ಕೊರೆದು, ಸುಮಾರು ಮೂರು ವಾರಗಳ ಕಾಲ ಶ್ರಮಪಟ್ಟು ಅದನ್ನು ಕೆಡವಿದರು. ಉಳಿದ ಬುಡವನ್ನು ನಯಗೊಳಿಸಿ ಅದರ ಮೇಲೆ ನೃತ್ಯಕೂಟಗಳನ್ನು ನಡೆಸಿದರು. ಮರುವರ್ಷ ಮತ್ತೊಂದು ಮರದ ತೊಗಟೆಯನ್ನು ಸುಮಾರು 35 ಮೀಟರ್ ಎತ್ತರದವರೆಗೆ ಸುಲಿದು, ಹಡಗಿನಲ್ಲಿ ಸಾಗಿಸಿ, ಮೊದಲು ನ್ಯೂಯಾರ್ಕಿನಲ್ಲಿಯೂ ಬಳಿಕ ಲಂಡನ್ನಿನಲ್ಲಿಯೂ ಪ್ರದರ್ಶನಕ್ಕಿಟ್ಟರು. ನೋಡಿದ ಹಲವರು ಇದು ಹಲವು ಮರಗಳ ತೊಗಟೆಗಳನ್ನು ಜೋಡಿಸಿ ಮಾಡಿದ ಮೋಸವೆಂದು ನಕ್ಕರು. ಸುಲಿಸಿಕೊಂಡ ಮರವು ನಿಂತಲ್ಲಿಯೇ ಸತ್ತಿತು.

ದೂರದ ಜನರು ನಂಬಬೇಕಾದರೆ ಮರವನ್ನೇ ಅವರ ಬಳಿಗೆ ಒಯ್ಯಬೇಕು. ಒಯ್ಯಬೇಕಾದರೆ ಮರವನ್ನು ಕೊಲ್ಲಬೇಕು. ಇದು ಆ ಕಾಲದವರು ಕಂಡ ದಾರಿ. ಮರಕ್ಕೆ ಒಂದು ಗೀರನ್ನೂ ಮಾಡದೆ ಅದನ್ನು ಜಗತ್ತಿಗೆ ತೋರಿಸಲು ಸಾಧ್ಯವೆಂಬುದನ್ನು ವಾಟ್ಕಿನ್ಸನು ತನ್ನ ಕೆಲಸದಿಂದ ತೋರಿಸಿಕೊಟ್ಟನು.

ಅಂದಿನ ದಿನಗಳಲ್ಲಿ ಒಂದು ಚಿಕ್ಕ ಚಿತ್ರವನ್ನು ದೊಡ್ಡದಾಗಿ ಹಿಗ್ಗಿಸಿ ಅಚ್ಚುಹಾಕುವ ಸುಲಭವಾದ ಉಪಾಯವಿರಲಿಲ್ಲ. ಗಾಜಿನ ಫಲಕವು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಸಣ್ಣ ಚಿತ್ರದಲ್ಲಿ ಮಹಾವೃಕ್ಷದ ಮಹತ್ತು ಕಾಣುವುದೆಂತು? ಆದುದರಿಂದ ವಾಟ್ಕಿನ್ಸನು ಮರಗೆಲಸದವನೊಬ್ಬನಿಂದ ಒಂದು ಭಾರಿ ಕ್ಯಾಮರಾವನ್ನು ಮಾಡಿಸಿದನು. ಅದರಲ್ಲಿ ಇಡುವ ಗಾಜಿನ ಫಲಕವು 18 ಅಂಗುಲ ಅಗಲ, 22 ಅಂಗುಲ ಉದ್ದವಿತ್ತು. 1861ರ ಬೇಸಿಗೆಯಲ್ಲಿ ಈ ಕ್ಯಾಮರಾ, ಗಾಜಿನ ಫಲಕಗಳು, ರಾಸಾಯನಿಕ ದ್ರವಗಳು, ಗುಡಾರ, ಆಹಾರ ಇವೆಲ್ಲವನ್ನೂ ಸುಮಾರು ಹನ್ನೆರಡು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಆತನು ಯೊಸೆಮಿಟಿ ಕಣಿವೆಗೂ ಮಾರಿಪೋಸ ವನಕ್ಕೂ ಹೊರಟನು. ಯೊಸೆಮಿಟಿ ಕಣಿವೆಗೆ ಗಾಡಿರಸ್ತೆಯಾದದ್ದು 1874ರಲ್ಲಿ. ಆತನು ಹೋದಾಗ ಇದ್ದುದು ಕಡಿದಾದ ಕಾಲುದಾರಿ ಮಾತ್ರ. ಒಂದು ಹೇಸರಗತ್ತೆಯ ಕಾಲು ಜಾರಿದರೂ ತಿಂಗಳುಗಳ ಶ್ರಮವು ಚೂರುಚೂರಾಗಬಹುದಾಗಿತ್ತು.

ಚಿತ್ರ ತೆಗೆಯುವ ವಿಧಾನವೂ ಕಷ್ಟಕರವಾಗಿತ್ತು. ಮೊದಲು ಕತ್ತಲೆಯ ಗುಡಾರದೊಳಗೆ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಎಲ್ಲೆಡೆ ಸಮನಾಗಿ ಹರಿಯುವಂತೆ ಸುರಿಯಬೇಕು. ಅನಂತರ ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಆಗ ಅದಕ್ಕೆ ಬೆಳಕನ್ನು ಗ್ರಹಿಸುವ ಶಕ್ತಿಯು ಬರುತ್ತದೆ. ಆ ಲೇಪನವು ಒಣಗಿದರೆ ಶಕ್ತಿಯು ಹೋಗುತ್ತದೆ. ಆದುದರಿಂದ ಫಲಕವು ಹಸಿಯಾಗಿರುವಾಗಲೇ ಕ್ಯಾಮರಾದಲ್ಲಿಟ್ಟು, ಮಸೂರದ ಮುಚ್ಚಳವನ್ನು ತೆಗೆದು, ಬೆಳಕನ್ನು ಒಳಗೆ ಬಿಟ್ಟು, ಮತ್ತೆ ಗುಡಾರಕ್ಕೆ ಧಾವಿಸಿ ಚಿತ್ರವನ್ನು ಮೂಡಿಸಿಕೊಳ್ಳಬೇಕು. ಬೇಸಿಗೆಯ ಬಿಸಿಲು, ಧೂಳು, ಗುಡಾರದೊಳಗಿನ ಈಥರಿನ ಉಸಿರುಗಟ್ಟಿಸುವ ವಾಸನೆ ಇವುಗಳ ನಡುವೆ ಇದೆಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಒಂದು ಧೂಳಿನ ಕಣವು ಬಿದ್ದರೂ ಫಲಕವು ಕೆಟ್ಟಂತೆಯೇ.

ಇನ್ನು ಸಂಜೆಯ ಮಾತು. ಆ ಕಾಲದ ಗಾಜಿನ ಫಲಕಕ್ಕೆ ಒಂದು ವಿಚಿತ್ರವಾದ ಕೊರತೆಯಿತ್ತು. ಅದು ನೀಲಿ ಬೆಳಕನ್ನು ಚೆನ್ನಾಗಿ ಗ್ರಹಿಸುತ್ತಿತ್ತು. ಕೆಂಪು ಬೆಳಕನ್ನು ಗ್ರಹಿಸುತ್ತಲೇ ಇರಲಿಲ್ಲವೆನ್ನಬಹುದು. ಮರದ ತೊಗಟೆಯು ಕೆಂಪು. ಮುಳುಗುವ ಸೂರ್ಯನ ಬೆಳಕೂ ಕೆಂಪು. ಮನುಷ್ಯನ ಕಣ್ಣಿಗೆ ವನವು ಅತ್ಯಂತ ಸುಂದರವಾಗಿ ಕಾಣುವ ಆ ಗಳಿಗೆಯಲ್ಲಿ ಫಲಕವು ಬಹುಮಟ್ಟಿಗೆ ಕುರುಡಾಗಿಬಿಡುತ್ತಿತ್ತು. ಹಗಲಿನಲ್ಲಿಯೂ ಆ ದಟ್ಟವಾದ ನೆರಳಿನಲ್ಲಿ ಮಸೂರವನ್ನು ದೀರ್ಘಕಾಲ ತೆರೆದಿಡಬೇಕಾಗುತ್ತಿತ್ತು. ಆ ಅವಧಿಯಲ್ಲಿ ಗಾಳಿಯು ಬೀಸಿದರೆ ಎಲೆಗಳೆಲ್ಲ ಮಂಜಿನಂತೆ ಕಲಸಿಹೋಗುತ್ತಿದ್ದವು. ಬೆಳಕಿದ್ದಾಗ ಗಾಳಿ, ಗಾಳಿಯು ನಿಂತಾಗ ಬೆಳಕಿಲ್ಲ. ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ತಾಳ್ಮೆಯೊಂದೇ ಛಾಯಾಗ್ರಾಹಕನಿಗೆ ಉಪಾಯವಾಗಿತ್ತು. ಬೆಳಕು ಮರದ ಮೇಲೆ ಹೇಗೆ ಇಳಿಯುತ್ತದೆ, ಯಾವ ಹೊತ್ತಿನಲ್ಲಿ ಯಾವ ಮಗ್ಗುಲು ತೋರುತ್ತದೆ ಎಂಬುದನ್ನು ಕಣ್ಣಿನಿಂದ ಅಳೆದು ತೂಗಿ ತಿಳಿದವನಿಗೆ ಮಾತ್ರ ಅಲ್ಲಿ ಚಿತ್ರವು ದಕ್ಕುತ್ತಿತ್ತು.

ಆ ಪ್ರವಾಸದಿಂದ ವಾಟ್ಕಿನ್ಸನು 30 ದೊಡ್ಡ ಫಲಕಗಳನ್ನೂ ಸುಮಾರು 100 ಚಿಕ್ಕ ಜೋಡಿಚಿತ್ರಗಳ ಫಲಕಗಳನ್ನೂ ಹೊತ್ತು ತಂದನು. ಅವುಗಳಲ್ಲಿ ಒಂದು ಗ್ರಿಜ್ಲಿ ಜೈಂಟ್ ಎಂಬ ಹೆಸರಿನ ಮರದ ಚಿತ್ರ. ಈ ಮರದ ಎತ್ತರ ಸುಮಾರು 64 ಮೀಟರ್, ಎಂದರೆ ಇಪ್ಪತ್ತು ಅಂತಸ್ತುಗಳ ಕಟ್ಟಡದಷ್ಟು. ವಯಸ್ಸು ಸುಮಾರು 3,000 ವರ್ಷವೆಂದು ಅಂದಾಜು ಮಾಡಲಾಗಿದೆ. ಅದರ ಒಂದು ಕೊಂಬೆಯ ವ್ಯಾಸವೇ ಸುಮಾರು 2 ಮೀಟರ್. ಸಿಡಿಲು, ಬೆಂಕಿ, ಹಿಮ ಎಲ್ಲವನ್ನೂ ಸಹಿಸಿ, ತುಸು ವಾಲಿಕೊಂಡು, ಆ ಮುದಿಮರವು ಚಿತ್ರದಲ್ಲಿ ಎದ್ದು ನಿಂತಿದೆ. ಅದರ ಬುಡದಲ್ಲಿ ಮನುಷ್ಯರು ನಿಂತಿದ್ದಾರೆ. ಮೊದಲು ನೋಡಿದಾಗ ಅವರು ಕಣ್ಣಿಗೆ ಬೀಳುವುದೇ ಇಲ್ಲ. ಕಂಡಮೇಲೆ ಮಾತ್ರ ಮರದ ನಿಜವಾದ ಅಳತೆಯು ಮನಸ್ಸಿಗೆ ಹೊಳೆದು ನಾವು ಬೆರಗಾಗುತ್ತೇವೆ. ತೊಗಟೆಯನ್ನು ಕಣ್ಣಾರೆ ಕಂಡೂ ಜನರು ನಂಬಿರಲಿಲ್ಲ. ಈ ಚಿತ್ರವನ್ನು ಕಂಡವರು ನಂಬಿದರು.

1862ರಲ್ಲಿ ಈ ಚಿತ್ರಗಳನ್ನು ನ್ಯೂಯಾರ್ಕ್ ನಗರದ ಚಿತ್ರಶಾಲೆಯೊಂದರಲ್ಲಿ ಪ್ರದರ್ಶಿಸಲಾಯಿತು. ಅಮೆರಿಕದಲ್ಲಿ ಆಗ ಅಂತರ್ಯುದ್ಧವು ನಡೆಯುತ್ತಿತ್ತು. ಸಹೋದರರು ಸಹೋದರರನ್ನು ಕೊಲ್ಲುತ್ತಿದ್ದ ಆ ಭೀಕರ ದಿನಗಳಲ್ಲಿ, ಸಾವಿರಾರು ವರ್ಷಗಳಿಂದ ಶಾಂತವಾಗಿ ನಿಂತ ಮರಗಳ ಈ ಚಿತ್ರಗಳು ನೋಡುಗರನ್ನು ಆಳವಾಗಿ ಕಲಕಿದವು. ಕ್ಯಾಲಿಫೋರ್ನಿಯದ ಪ್ರತಿನಿಧಿಯಾದ ಜಾನ್ ಕಾನೆಸ್ ಎಂಬವನು 1864ರಲ್ಲಿ ಯೊಸೆಮಿಟಿ ಕಣಿವೆಯನ್ನೂ ಮಾರಿಪೋಸ ವನವನ್ನೂ ಸಾರ್ವಜನಿಕರ ಸ್ವತ್ತಾಗಿ ಕಾಯ್ದಿರಿಸುವ ಮಸೂದೆಯನ್ನು ಸೆನೆಟ್ಟಿನಲ್ಲಿ ಮಂಡಿಸಿದನು. ಮತ ಹಾಕಿದವರಲ್ಲಿ ಹೆಚ್ಚಿನವರು ಆ ಸ್ಥಳವನ್ನು ನೋಡಿದವರಲ್ಲ. ಅವರು ನಂಬುವಂತಾಗಲು ವಾಟ್ಕಿನ್ಸನ ಚಿತ್ರಗಳೂ ನೆರವಾದವೆಂದು ಇತಿಹಾಸಕಾರರು ಭಾವಿಸುತ್ತಾರೆ. ಆ ವರ್ಷದ ಜೂನ್ 30ರಂದು ರಾಷ್ಟ್ರಾಧ್ಯಕ್ಷನಾದ ಅಬ್ರಹಾಂ ಲಿಂಕನ್ನನು ಆ ಶಾಸನಕ್ಕೆ ಸಹಿಹಾಕಿದನು. ಪ್ರಕೃತಿಸೌಂದರ್ಯವುಳ್ಳ ಒಂದು ನೆಲವನ್ನು ಎಲ್ಲ ಜನರಿಗಾಗಿ, ಎಲ್ಲ ಕಾಲಕ್ಕಾಗಿ ಉಳಿಸಬೇಕೆಂದು ಆ ದೇಶದ ಸರ್ಕಾರವು ಮಾಡಿದ ಮೊದಲ ಕಾನೂನು ಅದು.

ಇಲ್ಲಿ ಇನ್ನೊಂದು ಸತ್ಯವನ್ನೂ ಮರೆಯಬಾರದು. ವಾಟ್ಕಿನ್ಸನ ಚಿತ್ರಗಳಲ್ಲಿ ಕಣಿವೆಯು ನಿರ್ಜನವಾಗಿ ಕಾಣುತ್ತದೆ. ಆದರೆ ಅಲ್ಲಿ ಆವನೀಚಿ ಎಂಬ ಮೂಲನಿವಾಸಿಗಳು ಬಹುಕಾಲದಿಂದ ಬಾಳಿದ್ದರು. 1851ರಲ್ಲಿ ಒಂದು ಸಶಸ್ತ್ರ ಪಡೆಯು ಅವರ ಮನೆಗಳನ್ನು ಸುಟ್ಟು ಅವರನ್ನು ಹೊರದೂಡಿತ್ತು. ಎಲ್ಲರಿಗಾಗಿ ಉಳಿಸಿದ ನೆಲದಲ್ಲಿ ಮೊದಲಿನಿಂದ ಇದ್ದವರಿಗೆ ಸಲ್ಲಬೇಕಾದ ಸ್ಥಾನವು ಸಲ್ಲಲಿಲ್ಲ. ಕ್ಯಾಮರಾವು ತನ್ನ ಮುಂದಿರುವುದನ್ನು ತೋರಿಸಬಲ್ಲದು. ಅಲ್ಲಿಂದ ಕಾಣೆಯಾದುದನ್ನು ನಾವೇ ಕೇಳಿ ತಿಳಿಯಬೇಕು.

ವಾಟ್ಕಿನ್ಸನ ಕೀರ್ತಿಯು ಹಬ್ಬಿತು. ಯೊಸೆಮಿಟಿಯ ಒಂದು ಶಿಖರಕ್ಕೆ ಅವನ ಹೆಸರನ್ನಿಟ್ಟರು. 1867ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಆತನ ಚಿತ್ರಗಳಿಗೆ ಪದಕವು ದೊರೆಯಿತು. ಆದರೆ ಕೀರ್ತಿಯು ಬಂದ ಬಾಗಿಲಿನಿಂದ ಹಣವು ಬರಲಿಲ್ಲ. ಆತನ ಚಿತ್ರಗಳನ್ನು ಬೇರೆಯವರು ನಕಲುಮಾಡಿ ಮಾರಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆತನು ತೆರೆದ ಚಿತ್ರಶಾಲೆಯು ಬಹಳ ವೈಭವದ್ದಾಗಿತ್ತು. ಸಾಲವೂ ಅಷ್ಟೇ ದೊಡ್ಡದಾಗಿತ್ತು. 1875ರಲ್ಲಿ ಅಲ್ಲಿನ ದೊಡ್ಡ ಬ್ಯಾಂಕೊಂದು ಮುಳುಗಿ ವ್ಯಾಪಾರವೆಲ್ಲ ಕುಸಿದಾಗ ವಾಟ್ಕಿನ್ಸನ ಚಿತ್ರಶಾಲೆಯೂ ಅದುವರೆಗೆ ತೆಗೆದಿದ್ದ ಗಾಜಿನ ಫಲಕಗಳೂ ಸಾಲಗಾರರ ಪಾಲಾದವು. ಅವನ ಚಿತ್ರಗಳು ಇನ್ನೊಬ್ಬರ ಹೆಸರಿನಲ್ಲಿ ಮಾರಾಟವಾಗತೊಡಗಿದವು.

ಇಂತಹ ಪೆಟ್ಟು ಬಿದ್ದಾಗ ಎದೆಗುಂದದವರು ವಿರಳ. ವಾಟ್ಕಿನ್ಸನಿಗೆ ಆಗ ಐವತ್ತು ವರ್ಷಗಳು ಸಮೀಪಿಸುತ್ತಿದ್ದವು. ಆತನು ಮತ್ತೆ ಕ್ಯಾಮರಾವನ್ನು ಹೊತ್ತು, ಹಿಂದೆ ನಿಂತಿದ್ದ ಬೆಟ್ಟಗಳ ಮೇಲೆಯೇ ಮತ್ತೆ ನಿಂತು, ಅದೇ ಕಣಿವೆಗಳನ್ನೂ ಅದೇ ಮರಗಳನ್ನೂ ಹೊಸದಾಗಿ ಚಿತ್ರಿಸತೊಡಗಿದನು. ಆ ಚಿತ್ರಗಳಿಗೆ ಹೊಸ ಮಾಲೆ ಎಂದೇ ಹೆಸರಿಟ್ಟನು. 1879ರಲ್ಲಿ ತನ್ನ ಚಿತ್ರಶಾಲೆಯ ಸಹಾಯಕಿಯಾಗಿದ್ದ ಫ್ರಾನ್ಸಿಸ್ ಎಂಬವಳನ್ನು ಮದುವೆಯಾದನು. ಅವರಿಗೆ ಒಬ್ಬ ಮಗಳೂ ಒಬ್ಬ ಮಗನೂ ಹುಟ್ಟಿದರು. ಮಗನಿಗೆ ಗೆಳೆಯ ಹಂಟಿಂಗ್ಟನ್ನನ ನೆನಪಿಗಾಗಿ ಕಾಲಿಸ್ ಎಂದು ಹೆಸರಿಟ್ಟನು.

ಆದರೆ ವಿಧಿಯು ಅವನನ್ನು ಬಿಡಲಿಲ್ಲ. 1890ರ ದಶಕದಲ್ಲಿ ಆತನ ದೃಷ್ಟಿಯು ಮಂದವಾಗತೊಡಗಿತು. ಬೆಳಕಿನ ಒಂದೊಂದು ಛಾಯೆಯನ್ನೂ ಅಳೆಯಬಲ್ಲ ಕಣ್ಣುಗಳಿಗೆ ಹಗಲಿನಲ್ಲಿಯೇ ಸಂಜೆಯು ಕವಿಯಿತು. ಕೆಲಸವು ತಪ್ಪಿತು, ಬಾಡಿಗೆ ತೆರಲು ಹಣವಿಲ್ಲದಾಯಿತು. ಹೆಂಡತಿ ಮಕ್ಕಳೊಡನೆ ಸುಮಾರು ಒಂದೂವರೆ ವರ್ಷ ಕಾಲ ಉಪಯೋಗಿಸದೆ ಬಿಟ್ಟಿದ್ದ ರೈಲುಗಾಡಿಯ ಡಬ್ಬಿಯೊಂದರಲ್ಲಿ ಆತನು ವಾಸಮಾಡಿದನು. ಆಗಲೂ ಹಂಟಿಂಗ್ಟನ್ನನೇ ಒಂದು ಚಿಕ್ಕ ಜಮೀನನ್ನು ಕೊಟ್ಟು ಆ ಕುಟುಂಬಕ್ಕೆ ನೆರಳಾದನು.

ಉಳಿದಿದ್ದ ಆಸ್ತಿಯೆಂದರೆ ಬಾಳೆಲ್ಲ ಕೂಡಿಟ್ಟ ಫಲಕಗಳು ಮತ್ತು ಚಿತ್ರಗಳು. ಅವುಗಳನ್ನು ಒಂದು ವಿಶ್ವವಿದ್ಯಾನಿಲಯದ ವಶಕ್ಕೆ ಕೊಡುವ ಮಾತುಕತೆಯು ನಡೆದಿತ್ತು. ಅಷ್ಟರಲ್ಲಿ, 1906ರ ಏಪ್ರಿಲ್ 18ರ ಬೆಳಗಿನ ಜಾವ, ಸ್ಯಾನ್ ಫ್ರಾನ್ಸಿಸ್ಕೋ ನಗರವು ಭೂಕಂಪದಿಂದ ನಡುಗಿತು. ಅದರ ಬೆನ್ನಿಗೇ ಎದ್ದ ಬೆಂಕಿಯು ನಗರವನ್ನು ಮೂರು ದಿನ ಸುಟ್ಟಿತು. ವಾಟ್ಕಿನ್ಸನ ಚಿತ್ರಶಾಲೆಯು ಅದರಲ್ಲಿದ್ದ ಸಮಸ್ತದೊಡನೆ ಬೂದಿಯಾಯಿತು. ಆ ದಿನ ಯಾರೋ ತೆಗೆದ ಒಂದು ಛಾಯಾಚಿತ್ರವು ಇಂದಿಗೂ ಉಳಿದಿದೆ. ಬಿಳಿಯ ಗಡ್ಡದ, ಕೈಯಲ್ಲಿ ಕೋಲು ಹಿಡಿದ ಮುದುಕನೊಬ್ಬನನ್ನು ಮಗನು ಹೊಗೆ ತುಂಬಿದ ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದಾನೆ. ಸಾವಿರಾರು ಚಿತ್ರಗಳನ್ನು ತೆಗೆದವನ ಬಾಳಿನ ಅತ್ಯಂತ ದಾರುಣವಾದ ಗಳಿಗೆಯನ್ನು ಮತ್ತೊಬ್ಬನ ಕ್ಯಾಮರಾವು ಹಿಡಿದಿಟ್ಟಿತು. ಚಿತ್ರದಲ್ಲಿರುವವನು ಮಾತ್ರ ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ.

ಆ ಆಘಾತದಿಂದ ವಾಟ್ಕಿನ್ಸನು ಚೇತರಿಸಿಕೊಳ್ಳಲಿಲ್ಲ. ಆತನ ಮನಸ್ಸೂ ಕದಡಿತು. 1910ರಲ್ಲಿ ಆತನನ್ನು ನಾಪಾ ಎಂಬಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1916ರ ಜೂನ್ 23ರಂದು ಅಲ್ಲಿಯೇ ಆತನು ಕಣ್ಣುಮುಚ್ಚಿದನು. ಆಸ್ಪತ್ರೆಯ ಆವರಣದಲ್ಲಿ ಆತನನ್ನು ಮಣ್ಣುಮಾಡಿದರು. ಆ ಸಮಾಧಿಯ ಮೇಲೆ ಒಂದು ಹೆಸರುಕಲ್ಲನ್ನೂ ನೆಡಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಇದೊಂದು ಸೋಲಿನ ಕಥೆಯೆಂದು ತೋರಬಹುದು. ಆದರೆ ಅದೇ ವರ್ಷಗಳನ್ನು ಮರಗಳ ಕಡೆಯಿಂದ ನೋಡೋಣ. 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವು ಸ್ಥಾಪನೆಯಾಗಿತ್ತು. ವಾಟ್ಕಿನ್ಸನ ಫಲಕಗಳು ಸುಟ್ಟುಹೋದ 1906ರಲ್ಲಿಯೇ ಆ ಕಣಿವೆಯೂ ಮಾರಿಪೋಸ ವನವೂ ಆ ಉದ್ಯಾನಕ್ಕೆ ಸೇರಿದವು. ಆತನು ತೀರಿಕೊಂಡ ಎರಡು ತಿಂಗಳಿಗೆ, 1916ರ ಆಗಸ್ಟ್ 25ರಂದು, ಅಂತಹ ಉದ್ಯಾನಗಳನ್ನೆಲ್ಲ ನೋಡಿಕೊಳ್ಳುವ ಸರ್ಕಾರಿ ಇಲಾಖೆಯೊಂದು ಹುಟ್ಟಿತು. ಫಲಕಗಳು ಉರಿದುಹೋದರೂ ಆತನು ಮಾರಿದ್ದ ಚಿತ್ರಗಳು ಹಲವು ಊರುಗಳ ಗ್ರಂಥಾಲಯಗಳಲ್ಲಿಯೂ ಮನೆಗಳಲ್ಲಿಯೂ ಚದುರಿ ಉಳಿದಿದ್ದವು. ವಿದ್ವಾಂಸರು ಅವುಗಳನ್ನು ಹುಡುಕಿ ಪಟ್ಟಿಮಾಡಿದರು. 2011ರಲ್ಲಿ ಪ್ರಕಟವಾದ ಒಂದು ಬೃಹದ್ಗ್ರಂಥದಲ್ಲಿ ಆತನ ದೊಡ್ಡ ಅಳತೆಯ 1,200ಕ್ಕೂ ಹೆಚ್ಚು ಚಿತ್ರಗಳು ಸೇರಿವೆ.

ಕಾನೂನು ಒಂದರಿಂದಲೇ ಮರಗಳು ಸುರಕ್ಷಿತವಾದವೆಂದು ಹೇಳುವಂತಿಲ್ಲ. ಸಿಕ್ವೋಯದ ತೊಗಟೆಯು ಅರ್ಧ ಮೀಟರಿಗೂ ಮಿಗಿಲಾಗಿ ದಪ್ಪವಾಗಿ ಬೆಳೆಯುತ್ತದೆ. ಸಾಮಾನ್ಯವಾದ ಕಾಡಿನ ಬೆಂಕಿಯನ್ನು ಅದು ತಾಳಬಲ್ಲದು. ಬೀಜಗಳು ಕಾಯಿಯಿಂದ ಹೊರಬೀಳುವುದಕ್ಕೂ ಬೆಂಕಿಯ ಬಿಸಿಯು ನೆರವಾಗುತ್ತದೆ. ಆದರೆ ಸಣ್ಣ ಬೆಂಕಿಗಳನ್ನೆಲ್ಲ ದೀರ್ಘಕಾಲ ಆರಿಸುತ್ತ ಬಂದುದರಿಂದ ಒಣಸೌದೆಯು ಕಾಡಿನಲ್ಲಿ ರಾಶಿಬಿದ್ದಿತು. ಬರಗಾಲವೂ ಏರುತ್ತಿರುವ ತಾಪವೂ ಅದಕ್ಕೆ ಸೇರಿಕೊಂಡವು. 2020 ಮತ್ತು 2021ರ ಭಾರಿ ಕಾಡ್ಗಿಚ್ಚುಗಳಲ್ಲಿ ಜಗತ್ತಿನ ದೊಡ್ಡ ಸಿಕ್ವೋಯಗಳಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ನಾಶವಾದುವು. 2022ರ ಜುಲೈ ತಿಂಗಳಿನಲ್ಲಿ ಬೆಂಕಿಯು ಮಾರಿಪೋಸ ವನಕ್ಕೇ ಬಂದಿತು. ಅಗ್ನಿಶಾಮಕ ದಳದವರು ಗ್ರಿಜ್ಲಿ ಜೈಂಟ್ ಮರದ ಸುತ್ತಲೂ ನೀರು ಚಿಮ್ಮಿಸುವ ಕೊಳವೆಗಳನ್ನು ಹೂಡಿ ಹಗಲಿರುಳೂ ಕಾದರು. ಮರವು ಉಳಿಯಿತು.

ಒಂದು ವಸ್ತುವಿನ ಮೇಲಿನ ಮೆಚ್ಚುಗೆಯು ಎರಡು ಬಗೆಯದಾಗಿರಬಹುದು. ಮೆಚ್ಚಿದುದನ್ನು ಕಿತ್ತು ತನ್ನದನ್ನಾಗಿ ಮಾಡಿಕೊಳ್ಳುವುದು ಒಂದು ಬಗೆ. ಅದನ್ನು ಅದರ ಸ್ಥಳದಲ್ಲಿಯೇ ಬಿಟ್ಟು, ಕಣ್ತುಂಬ ನೋಡಿ, ಇತರರಿಗೂ ತೋರಿಸುವುದು ಇನ್ನೊಂದು ಬಗೆ. ಲಂಡನ್ನಿಗೆ ಹೋದ ತೊಗಟೆಯು 1866ರಲ್ಲಿ ಅಲ್ಲಿನ ಪ್ರದರ್ಶನಭವನಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ವಾಟ್ಕಿನ್ಸನು ಏನನ್ನೂ ಕೀಳದೆ ಚಿತ್ರಿಸಿದ ಮರವು ಇಂದಿಗೂ ಬದುಕಿದೆ. ದಿನವೂ ಸಂಜೆ ಮಾರಿಪೋಸದ ನೆಲದಲ್ಲಿ ಕತ್ತಲಾದ ಮೇಲೆಯೂ ಅದರ ನೆತ್ತಿಯ ಮೇಲೆ ಸ್ವಲ್ಪ ಹೊತ್ತು ಬೆಳಕು ಉಳಿದಿರುತ್ತದೆ. ಅದನ್ನು ನೋಡಲು ಇಂದು ಸಾವಿರಾರು ಜನರು ಹೋಗುತ್ತಾರೆ. ಸಮಾಧಿಯ ಮೇಲೆ ಕಲ್ಲೂ ಇಲ್ಲದ ಆ ಛಾಯಾಗ್ರಾಹಕನಿಗೆ ಇದಕ್ಕಿಂತ ಹಿರಿದಾದ ಸ್ಮಾರಕವು ಬೇಕೆ?